ನವಕೋಟಿಯಿಂದ ಗೋಪಾಳಬುಟ್ಟಿಗೆ

ಹರಿದಾಸಶ್ರೇಷ್ಠರಾದ ಶ್ರೀ ಪುರಂದರದಾಸರು ಪೂರ್ವದಲ್ಲಿ ಶ್ರೀನಿವಾಸನಾಯಕರೆಂಬ ವರ್ತಕರಾಗಿದ್ದರು. ಸಂಪ್ರದಾಯದಂತೆ ಅವರ ಜನನ 1484ರಲ್ಲಿ. ಜನ್ಮಸ್ಥಳ ಪುಣೆಯ ಸಮೀಪದ ಪುರಂದರಗಡವೆಂದು ಬಹುಕಾಲದ ನಂಬಿಕೆ. ತೀರ್ಥಹಳ್ಳಿಯ ಕಡೆಯ ಕ್ಷೇಮಪುರವೆಂದು ಹಲವು ವಿದ್ವಾಂಸರ ಮತ. ತಂದೆ ವರದಪ್ಪನಾಯಕರಿಂದ ಬಂದ ವ್ಯಾಪಾರವನ್ನು ಬೆಳೆಸಿ ಅವರು ನವಕೋಟಿ ನಾರಾಯಣರೆನಿಸಿದರು. ಆದರೆ ಕೂಡಿಡುವುದರಲ್ಲಿದ್ದ ಆಸಕ್ತಿ ಕೊಡುವುದರಲ್ಲಿರಲಿಲ್ಲ.

ಮಗನ ಉಪನಯನಕ್ಕೆ ನೆರವು ಬೇಡಿ ಬಡ ಬ್ರಾಹ್ಮಣನೊಬ್ಬನು ಅವರ ಅಂಗಡಿಗೆ ಬಂದನೆಂದು ಐತಿಹ್ಯ. ನಾಯಕರು ಇಂದು ನಾಳೆ ಎನ್ನುತ್ತ ತಿಂಗಳುಗಳನ್ನೇ ಕಳೆದು, ಕೊನೆಗೆ ಸವೆದ ನಾಣ್ಯಗಳಲ್ಲೊಂದನ್ನು ಆಯ್ದುಕೊಳ್ಳಹೇಳಿದರು. ಅವನು ಮನೆಗೆ ಹೋಗಿ ಬೇಡಿದಾಗ ಪತ್ನಿ ಸರಸ್ವತೀಬಾಯಿಯವರು ತಮ್ಮ ತವರಿನ ಮೂಗುತಿಯನ್ನೇ ಕೊಟ್ಟರು. ಅದು ಮಾರಾಟಕ್ಕೆ ಬಂದುದು ಪತಿಯ ಅಂಗಡಿಗೇ. ನಾಯಕರು ಅದನ್ನು ಗುರುತಿಸಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಮನೆಗೆ ಧಾವಿಸಿ ಮೂಗುತಿಯನ್ನು ಕೇಳಿದರು. ದಿಕ್ಕುಗಾಣದ ಆ ಸಾಧ್ವಿಯು ವಿಷದ ಬಟ್ಟಲನ್ನೆತ್ತಿದಾಗ ಅದರೊಳಗೆ ಮೂಗುತಿ ಕಂಡಿತು. ಅಂಗಡಿಯಲ್ಲಿ ಬೀಗ ಹಾಕಿದಂತೆಯೇ ಇತ್ತು, ಪೆಟ್ಟಿಗೆ ಬರಿದಾಗಿತ್ತು.

ಬಂದವನು ಯಾರೆಂಬುದು ನಾಯಕರಿಗೆ ಅರಿವಾಯಿತು. ಸಕಲೈಶ್ವರ್ಯಕ್ಕೂ ತುಲಸೀದಳವಿಟ್ಟು ಕೃಷ್ಣಾರ್ಪಣ ಮಾಡಿ, ಹೆಂಡತಿ ಮಕ್ಕಳೊಡನೆ ವಿಜಯನಗರದತ್ತ ಹೊರಟರು. ಕಾಡುದಾರಿಯಲ್ಲಿ ಕತ್ತಲು ಕವಿದಾಗ ಸರಸ್ವತೀಬಾಯಿಯವರ ಹೆಜ್ಜೆ ಅಳುಕಿತು. ಪತಿಗೆ ನೀರು ಕುಡಿಯಲಿರಲೆಂದು ಅವರು ಚಿನ್ನದ ಬಟ್ಟಲೊಂದನ್ನು ಮಡಿಲಲ್ಲಿ ಉಳಿಸಿಕೊಂಡಿದ್ದರು. ನಾಯಕರು ಅದನ್ನು ಪೊದೆಯೊಳಗೆ ಎಸೆದರು. ಭಯವೂ ಅದರೊಡನೆ ಹೋಯಿತು. ನವಕೋಟಿಯನ್ನು ತೊರೆದವರಿಗೂ ತಡೆಯಾದುದು ಅಕ್ಕರೆಯಿಂದ ಉಳಿಸಿಕೊಂಡ ಆ ಒಂದು ಬಟ್ಟಲು.

ವ್ಯಾಸರಾಯರಿಂದ 1525ರಲ್ಲಿ ದಾಸದೀಕ್ಷೆಯೂ ಪುರಂದರವಿಠಲ ಎಂಬ ಅಂಕಿತವೂ ದೊರೆತವೆಂದು ಪ್ರತೀತಿ. ಅಂದಿನಿಂದ ತಂಬೂರಿ, ಗೆಜ್ಜೆ, ಗೋಪಾಳಬುಟ್ಟಿಗಳೇ ಅವರ ಆಸ್ತಿ. ದಿನದ ಭಿಕ್ಷೆ ದಿನಕ್ಕೇ ಸಂದಿತು. ನಾಳೆಗೆಂದು ಹಿಡಿ ಅಕ್ಕಿಯನ್ನೂ ಇರಿಸಲಿಲ್ಲ. ಕೂಡಿಡುತ್ತಿದ್ದ ಅದೇ ಕೈ ಹಾಡುಗಳನ್ನು ಊರೂರಿಗೆ ಹಂಚಿತು. ಮಾಯಾಮಾಳವಗೌಳದಲ್ಲಿ ಸರಳೆ ಕಲಿಯುವ ಮಕ್ಕಳು ಇಂದಿಗೂ ಅವರು ಹಾಕಿಕೊಟ್ಟ ದಾರಿಯಲ್ಲೇ ಮೊದಲ ಹೆಜ್ಜೆಯಿಡುತ್ತಾರೆ.

1564ರ ಪುಷ್ಯ ಬಹುಳ ಅಮಾವಾಸ್ಯೆಯಂದು ಹಂಪೆಯಲ್ಲಿ ದಾಸರು ಹರಿಪಾದ ಸೇರಿದರೆಂದು ಸಂಪ್ರದಾಯ. ತುಂಗಭದ್ರೆಯ ತಟದಲ್ಲಿ ಅವರ ಹೆಸರಿನ ಮಂಟಪವಿದೆ. 1565ರಲ್ಲಿ ವಿಜಯನಗರವು ಸೂರೆಹೋಯಿತು. ಪೇಟೆಯ ರತ್ನರಾಶಿ, ಅರಮನೆಯ ಭಂಡಾರ ಎಲ್ಲವೂ ಅಳಿದವು. ಬೀಗವಿಲ್ಲದ ದಾಸರ ಹಾಡುಗಳನ್ನು ಮಾತ್ರ ಯಾರೂ ದೋಚಲಾಗಲಿಲ್ಲ.

ಪರಸ್ಥಳದ ಎರಡು ಕೋಣೆಯ ಮನೆಯಲ್ಲಿ ನವರಾತ್ರಿಗೆಂದು ಅಟ್ಟದ ಧೂಳು ಕೊಡವುವಾಗ, ಉಪಯೋಗಕ್ಕೆ ಬಾರದಿದ್ದರೂ ಬಿಡಲೊಲ್ಲದ ಬಟ್ಟಲುಗಳೆಷ್ಟಿವೆಯೆಂದು ಎಣಿಸಿ, ಬೇಕಾದವರ ಕೈಗೆ ಅವನ್ನು ಒಪ್ಪಿಸುವುದೂ ದೇವಿಯ ಪೂಜೆಯೇ ಸರಿ.