ಕೇಳಿ ಮುನ್ನಡೆವ ಯಂತ್ರ: ಗ್ಯಾರಿ ಕಿಲ್ಡಾಲರ ಜೀವನ

ಗಣಕಯಂತ್ರವಿಲ್ಲದ ಕಚೇರಿಯಾಗಲಿ, ಬಿಲ್ಲು ಮುದ್ರಿಸುವ ಯಂತ್ರವಿಲ್ಲದ ದೊಡ್ಡ ಹೋಟೆಲಾಗಲಿ ಇಂದು ಅಪರೂಪ. ಗಣಕದ ಕರಿಯ ಪರದೆಯ ಮೇಲೆ ಒಂದು ಅಕ್ಷರವೂ ಒಂದು ಬಾಣದ ಗುರುತೂ ಮೂಡಿ, ಬಳಸುವವನ ಅಪ್ಪಣೆಗಾಗಿ ಕಾದು ನಿಲ್ಲುವುದನ್ನು ನಮ್ಮ ಗುಮಾಸ್ತ ಬಂಧುಗಳು ಕಂಡಿರಬಹುದು. ಈ ಕಾದು ನಿಲ್ಲುವ ಗುಣವನ್ನು ಮೇಜಿನ ಮೇಲಿಡುವ ಚಿಕ್ಕ ಗಣಕಗಳಿಗೆ ತಂದುಕೊಟ್ಟವರಲ್ಲಿ ಅಗ್ರಗಣ್ಯರು ಅಮೆರಿಕದ ಗ್ಯಾರಿ ಕಿಲ್ಡಾಲರು. ಅವರ ಹೆಸರನ್ನು ಬಲ್ಲವರು ಕೆಲವರು. ಬಲ್ಲವರಲ್ಲಿಯೂ ಅನೇಕರು ಅವರನ್ನು ಒಂದು ಅಪವಾದದ ಮೂಲಕವೇ ಬಲ್ಲರು. ಆದಕಾರಣ ಅವರ ಜೀವನವನ್ನು ಸಂಕ್ಷೇಪವಾಗಿ ವಾಚಕರ ಮುಂದಿಡಲು ನಾವು ಬಯಸುತ್ತೇವೆ.

ಕಿಲ್ಡಾಲರು 1942ನೆಯ ಇಸವಿ ಮೇ 19ರಂದು ಸಿಯಾಟಲ್ ನಗರದಲ್ಲಿ ಜನಿಸಿದರು. ಅವರ ಮನೆತನದವರು ಹಡಗಿನವರಿಗೆ ನೌಕಾವಿದ್ಯೆಯನ್ನು ಕಲಿಸುವ ಶಾಲೆಯೊಂದನ್ನು ನಡೆಸುತ್ತಿದ್ದರು. ಗಣಿತದ ಉಪಾಧ್ಯಾಯರಾಗಬೇಕೆಂದು ವಾಷಿಂಗ್ಟನ್ ವಿಶ್ವವಿದ್ಯಾಲಯವನ್ನು ಸೇರಿದ ಅವರ ಮನಸ್ಸನ್ನು ಗಣಕವಿದ್ಯೆಯು ಸೆಳೆಯಿತು. 1972ರಲ್ಲಿ ಅಲ್ಲಿಯೇ ಡಾಕ್ಟರೇಟು ಪಡೆದರು. ಸೈನ್ಯಸೇವೆಯ ಋಣವನ್ನು ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿರುವ ನೌಕಾಪಡೆಯ ಉನ್ನತ ವಿದ್ಯಾಲಯದಲ್ಲಿ ಪಾಠ ಹೇಳಿ ತೀರಿಸಿದರು.

ಆಗ ಇಂಟೆಲ್ ಸಂಸ್ಥೆಯು ಬೆರಳ ತುದಿಯಷ್ಟು ಚಿಕ್ಕದಾದ ಸಂಸ್ಕಾರಕಗಳನ್ನು ಹೊರತಂದಿತ್ತು. ಅವುಗಳಿಂದ ಪೂರ್ಣ ಗಣಕವೇ ಆಗಬಲ್ಲದೆಂದು ಮೊದಲು ಮನಗಂಡವರಲ್ಲಿ ಕಿಲ್ಡಾಲರೊಬ್ಬರು. 1974ರಲ್ಲಿ ಸಿ.ಪಿ.ಎಂ. ಎಂಬ ನಿರ್ವಹಣಾ ತಂತ್ರಾಂಶವನ್ನು ರಚಿಸಿದರು. ಒಂದೊಂದು ಯಂತ್ರಕ್ಕೂ ಬೇರೆಯಾಗುವ ಅಂಶವನ್ನು ಬಯಾಸ್ ಎಂಬ ಭಾಗದಲ್ಲಿ ಪ್ರತ್ಯೇಕಿಸಿ, ಉಳಿದುದನ್ನು ಎಲ್ಲ ಯಂತ್ರಗಳಿಗೂ ಸಮಾನವಾಗಿಸಿದ್ದು ಅವರ ಮಹತ್ವದ ಸಾಧನೆ. ಒಲೆ ಬೇರೆಯಾದರೂ ಸಾರಿನ ವಿಧಾನ ಒಂದೇ ಎಂಬಂತೆ! ಪತ್ನಿ ಡೊರೊಥಿಯವರೊಡನೆ ಅವರು ಸ್ಥಾಪಿಸಿದ ಡಿಜಿಟಲ್ ರಿಸರ್ಚ್ ಸಂಸ್ಥೆಯು ಪೆಸಿಫಿಕ್ ಗ್ರೋವ್ ಎಂಬ ಚಿಕ್ಕ ಊರಿನಲ್ಲಿ ಬೆಳೆಯಿತು.

ಸಿ.ಪಿ.ಎಂ.ನಲ್ಲಿ ಸಬ್‌ಮಿಟ್ ಎಂಬ ಒಂದು ಅನುಕೂಲವಿದ್ದಿತು. ದಿನವೂ ಕೊಡಬೇಕಾದ ಆಜ್ಞೆಗಳನ್ನು ಒಂದು ಕಡತದಲ್ಲಿ ಸಾಲಾಗಿ ಬರೆದಿಟ್ಟರೆ ಯಂತ್ರವು ಅವನ್ನು ತಾನಾಗಿಯೇ ನಡೆಸುತ್ತಿತ್ತು. ಇದರ ಸ್ವರೂಪವು ನಾವು ನೆಲೆಸಿರುವ ಈ ವಾರಾಣಸಿಯಲ್ಲಿ ಯಾರಿಗೂ ಸುಲಭವಾಗಿ ತಿಳಿದೀತು. ಘಟ್ಟಗಳಲ್ಲಿ ಸಂಕಲ್ಪ ಮಾಡಿಸುವ ಪುರೋಹಿತರ ಮಂತ್ರಪಾಠವು ನಿಶ್ಚಿತವಾದುದು; ಆದರೆ ಪ್ರಯೋಗದ ಪುಸ್ತಕದಲ್ಲಿ ‘ಅಮುಕ’ ಗೋತ್ರ, ‘ಅಮುಕ’ ನಾಮ ಎಂದಿರುವ ಸ್ಥಳದಲ್ಲಿ ಅವರು ನಿಂತು, ಯಾತ್ರಿಕನ ಗೋತ್ರ ನಾಮಗಳನ್ನು ಕೇಳಿಯೇ ಮುಂದುವರಿಯುತ್ತಾರೆ. ಸಬ್‌ಮಿಟ್ ಕಡತದಲ್ಲಿಯೂ ಅಂತಹ ‘ಅಮುಕ’ ಸ್ಥಾನಗಳಿದ್ದವು. ಆದರೆ ಅವುಗಳ ಬೆಲೆಯನ್ನು ಆರಂಭದಲ್ಲಿಯೇ ಕೊಡಬೇಕಾಗಿತ್ತು. ನಡುವೆ ನಿಂತು ಕೇಳುವ ವಿಧಾನ ಅದರಲ್ಲಿ ಇರಲಿಲ್ಲ.

ಹೀಗಿದ್ದರೂ ಅಪಾಯದ ಸ್ಥಳದಲ್ಲಿ ಕೇಳಬೇಕೆಂಬ ವಿವೇಕವು ಸಿ.ಪಿ.ಎಂ.ನಲ್ಲಿತ್ತು. ಒಂದು ಕಡತವನ್ನು ಅಳಿಸೆಂದರೆ ಅದು ಮಾತಿಲ್ಲದೆ ಅಳಿಸುತ್ತಿತ್ತು. ಎಲ್ಲವನ್ನೂ ಅಳಿಸೆಂದರೆ ಮಾತ್ರ, ಹೌದೋ ಅಲ್ಲವೋ ಎಂದು ಕೇಳಿ ನಿಲ್ಲುತ್ತಿತ್ತು. ಬಹುಕಾಲ ಹೋಟೆಲು ನಡೆಸಿದ ನಮಗೆ ಇದರ ಔಚಿತ್ಯ ಚೆನ್ನಾಗಿ ತಿಳಿಯುತ್ತದೆ. ನೀರಿನ ಲೋಟವನ್ನಿಡಲು ಮಾಣಿಯು ಗಿರಾಕಿಯನ್ನು ಕೇಳಬೇಕಾಗಿಲ್ಲ. ಕಾಫಿಗೆ ಸಕ್ಕರೆ ಬೆರೆಸುವ ಮುನ್ನ ಕೇಳಲೇಬೇಕು. ಬೆರೆಸಿದುದನ್ನು ಹಿಂದೆ ತೆಗೆಯಲಾಗದು.

1980ರಲ್ಲಿ ಐ.ಬಿ.ಎಂ. ಸಂಸ್ಥೆಯವರು ತಮ್ಮ ಹೊಸ ಗಣಕಕ್ಕೆ ತಂತ್ರಾಂಶವನ್ನು ಅರಸಿ ಪೆಸಿಫಿಕ್ ಗ್ರೋವಿಗೆ ಬಂದರು. ಆ ಬೆಳಿಗ್ಗೆ ಕಿಲ್ಡಾಲರು ಸ್ವಂತ ವಿಮಾನದಲ್ಲಿ ಗಿರಾಕಿಯೊಬ್ಬರನ್ನು ಕಾಣಲು ಹೋಗಿದ್ದರು. ಗುಟ್ಟನ್ನು ಕಾಯುವ ಕರಾರುಪತ್ರಕ್ಕೆ ಡೊರೊಥಿಯವರು ಸಹಿ ಹಾಕಲು ಒಪ್ಪಲಿಲ್ಲ. ಒಪ್ಪಂದವು ಕೈಗೂಡಲಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯು ಟಿಮ್ ಪ್ಯಾಟರ್ಸನ್ ಎಂಬವರು ಸಿ.ಪಿ.ಎಂ.ನ ಮಾದರಿಯನ್ನನುಸರಿಸಿ ರಚಿಸಿದ್ದ ತಂತ್ರಾಂಶವನ್ನು ಕೊಂಡು, ಡಾಸ್ ಎಂಬ ಹೆಸರಿನಿಂದ ಒದಗಿಸಿತು. ಐ.ಬಿ.ಎಂ. ಮುಂದೆ ಎರಡನ್ನೂ ಮಾರಿತಾದರೂ ಡಾಸ್‌ನ ಬೆಲೆ 40 ಡಾಲರು, ಸಿ.ಪಿ.ಎಂ.ನ ಬೆಲೆ 240 ಡಾಲರು. ಫಲವೇನೆಂದು ಹೇಳಬೇಕಾಗಿಲ್ಲ. ವ್ಯವಹಾರಕ್ಕಾಗಿ ಹೊರಟಿದ್ದವರನ್ನು, ವಿಹಾರಕ್ಕೆ ಹೋಗಿ ಭಾಗ್ಯವನ್ನು ಕಳೆದುಕೊಂಡವರೆಂದು ಲೋಕವು ಆಡಿಕೊಂಡಿತು. ಆ ಅಪವಾದವು ಅವರನ್ನು ಕಡೆಯವರೆಗೂ ನೋಯಿಸಿತು.

ಆದರೂ ಅವರ ಸಂಸ್ಥೆಯು ಕೈಕಟ್ಟಿ ಕೂರಲಿಲ್ಲ. 1988ರಲ್ಲಿ ಡಿ.ಆರ್. ಡಾಸ್ ಹೊರಬಂದಿತು. 1991ರ ಅದರ 6ನೆಯ ಆವೃತ್ತಿಯಲ್ಲಿ, ಯಂತ್ರವು ಏಳುವಾಗ ಓದುವ ಕಡತದ ಸಾಲಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಬರೆದರೆ ಸಾಕು. ಯಂತ್ರವು ಆ ಸಾಲನ್ನು ನಡೆಸಬೇಕೋ ಬೇಡವೋ ಎಂದು ಬಳಸುವವನನ್ನು ಕೇಳುತ್ತಿತ್ತು. ಅದೇ ವರ್ಷ ಸಂಸ್ಥೆಯು ನೋವೆಲ್ ಎಂಬವರ ಪಾಲಾಯಿತು.

ಮೈಕ್ರೋಸಾಫ್ಟಿನ ಡಾಸ್‌ನಲ್ಲಿ ಬ್ಯಾಚ್ ಎಂಬ ಆಜ್ಞಾಕಡತಗಳಿಗೆ ಬಹುಕಾಲ ಇದ್ದುದು ‘ಪಾಸ್’ ಮಾತ್ರ. ಅದು ಒಂದು ಕೀಲಿಯನ್ನು ಒತ್ತುವವರೆಗೆ ನಿಲ್ಲುವುದೇ ಹೊರತು ಉತ್ತರವನ್ನು ತಿಳಿಯದು. 1993ರ 6ನೆಯ ಆವೃತ್ತಿಯಲ್ಲಿ ‘ಚಾಯ್ಸ್’ ಬಂದಿತು. ಇದು ನಾವು ಗೊತ್ತುಪಡಿಸಿದ ಕೀಲಿಗಳನ್ನಷ್ಟೇ ಸ್ವೀಕರಿಸಿ, ಒತ್ತಿದ ಕೀಲಿಯ ಕ್ರಮಸಂಖ್ಯೆಯನ್ನು ತಿಳಿಸುತ್ತದೆ. ಅನಂತರ ಮಾಡುವ ‘ಇಫ್ ಎರರ್‌ಲೆವೆಲ್’ ಎಂಬ ಪರೀಕ್ಷೆಯು ಆ ಸಂಖ್ಯೆಗೂ ಅದಕ್ಕೆ ಮೇಲ್ಪಟ್ಟುದಕ್ಕೂ ಹೌದೆನ್ನುವುದರಿಂದ, ದೊಡ್ಡ ಸಂಖ್ಯೆಯನ್ನು ಮೊದಲು ಪರೀಕ್ಷಿಸತಕ್ಕದ್ದು. ವಿಂಡೋಸ್ 2000ದಲ್ಲಿ ‘ಸೆಟ್’ ಆಜ್ಞೆಗೆ ಓರೆಗೆರೆಯೊಡನೆ ‘ಪಿ’ ಸೇರಿಸುವ ವಿಧಾನ ಬಂದಿತು. ಅದು ಪ್ರಶ್ನೆಯನ್ನು ತೋರಿಸಿ, ಬೆರಳಚ್ಚಿಸಿದ ಉತ್ತರವನ್ನು ಒಂದು ಹೆಸರಿನಲ್ಲಿ ಇಟ್ಟುಕೊಳ್ಳುತ್ತದೆ. ಬರಿಯ ಎಂಟರ್ ಒತ್ತಿದರೆ ಆ ಹೆಸರಿನ ಹಳೆಯ ಬೆಲೆಯೇ ಉಳಿಯುವುದರಿಂದ, ಕೇಳುವ ಮೊದಲು ಅದನ್ನು ಬರಿದು ಮಾಡುವುದು ಲೇಸು. ನಿನ್ನೆಯ ಉತ್ತರದಿಂದ ಇಂದಿನ ಕಡತ ಅಳಿದುಹೋದೀತು. ಅದರಿಂದ ಗುಮಾಸ್ತನ ಕೆಲಸಕ್ಕೇ ಕುತ್ತು ಬರಬಹುದು.

ಕಿಲ್ಡಾಲರು 1983ರಿಂದ 1990ರವರೆಗೆ ದೂರದರ್ಶನ ಕಾರ್ಯಕ್ರಮವೊಂದರಲ್ಲಿ ಗಣಕವಿದ್ಯೆಯನ್ನು ಜನಸಾಮಾನ್ಯರಿಗೆ ತಿಳಿಯಪಡಿಸಿದರು. ವಿಶ್ವಕೋಶವೊಂದನ್ನು ಅಡಕಮುದ್ರಿಕೆಗೆ ತರಲು 1985ರಲ್ಲಿ ಕಾರಣರಾದರು. ಕಡೆಯ ದಿನಗಳಲ್ಲಿ ಸಂಸಾರವು ಒಡೆದು, ಮದ್ಯದ ಚಟವೂ ಅಂಟಿತು. ಮಾಂಟೆರೆಯ ಒಂದು ಮದ್ಯದಂಗಡಿಯಲ್ಲಿ ತಲೆಗೆ ಪೆಟ್ಟು ಬಿದ್ದು, 1994ರ ಜುಲೈ 11ರಂದು ತಮ್ಮ 52ನೆಯ ವಯಸ್ಸಿನಲ್ಲಿ ಕೀರ್ತಿಶೇಷರಾದರು. 2014ರಲ್ಲಿ ಪೆಸಿಫಿಕ್ ಗ್ರೋವಿನ ಅವರ ಹಳೆಯ ಕಾರ್ಯಾಲಯದ ಬಳಿ ಐ.ಇ.ಇ.ಇ. ಎಂಬ ಎಂಜಿನಿಯರರ ಸಂಸ್ಥೆಯು ಸ್ಮಾರಕಫಲಕವನ್ನು ಇರಿಸಿತು.

ಐಶ್ವರ್ಯವು ಬೇರೆಯವರದಾಯಿತು, ರೀತಿಯು ಕಿಲ್ಡಾಲರದಾಗಿ ಉಳಿಯಿತು. ತಿದ್ದಬಹುದಾದ ಕೆಲಸವನ್ನು ಕೇಳದೆ ಮಾಡಲಿ, ತಿದ್ದಲಾಗದ ಕೆಲಸದ ಮುಂದೆ ನಿಂತು ಕೇಳಲಿ. ಆಜ್ಞಾಕಡತವನ್ನು ಬರೆಯುವ ಗುಮಾಸ್ತನಿಗೂ, ಮೇಜಿನ ಮುಂದೆ ನಿಲ್ಲುವ ಮಾಣಿಗೂ ಈ ಒಂದು ನಿಯಮವು ಸಾಕೆಂದು ನಾವು ತಿಳಿಯುತ್ತೇವೆ.