ಪಂಪಿನ ಆಚೆಗಿನ ಜಾನ್ ಸ್ನೋ

ಜಾನ್ ಸ್ನೋ ಅಂದ್ರೆ ನಮಗೆ ನೆನಪಾಗೋದು 1854ರ ಲಂಡನ್ನಿನ ಕಾಲರಾ, ಬ್ರಾಡ್ ಸ್ಟ್ರೀಟಿನ ಪಂಪು, ಆ ಮ್ಯಾಪು. (ಬೇರೆ ಜಾನ್ ಸ್ನೋ ನೆನಪಾದವರು ಕ್ಷಮಿಸಿ!) ಆದರೆ ಅವರ ದಿನನಿತ್ಯದ ಕಸುಬು ಅರಿವಳಿಕೆ ಕೊಡೋದು.

1813ರಲ್ಲಿ ಯಾರ್ಕ್‌ನ ಕೂಲಿಕಾರರ ಮನೆಯಲ್ಲಿ ಹುಟ್ಟಿದ ಈ ವೈದ್ಯರು 1853ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಗೆ ಕ್ಲೋರೋಫಾರ್ಮ್ ಕೊಟ್ಟರು. ಅದಕ್ಕೂ ಮುಂಚೆಯೇ, 1850ರ ಸುಮಾರಿಗೆ, ಒಂದು ಸಂಗತಿ ಅವರ ಕಣ್ಣಿಗೆ ಬಿದ್ದಿತ್ತು. ಉಸಿರಿನಲ್ಲಿ ಒಳಹೋದ ಅರಿವಳಿಕೆ ಬದಲಾಗದೆ ಉಸಿರಲ್ಲೇ ಹೊರಬರುತ್ತೆ. ಬರೀ ಪೋಲು! ಅದೇ ಗಾಳಿಯನ್ನು ಮತ್ತೆ ಉಸಿರಾಡಿದರೆ?

ತೊಡಕು ಕಾರ್ಬನ್ ಡೈಆಕ್ಸೈಡಿನದು. ಮುಚ್ಚಿದ ವ್ಯವಸ್ಥೆಯಲ್ಲಿ ಅದು ಏರ್ತಾ ಹೋದರೆ ಆಮ್ಲಜನಕ ಸಾಕಷ್ಟಿದ್ದರೂ ಜೀವಕ್ಕೆ ಅಪಾಯ. ಸ್ನೋ ಉಸಿರಿನ ದಾರಿಯಲ್ಲಿ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ದ್ರಾವಣ ಇಟ್ಟು, ಆಮ್ಲಜನಕ ಸೇರಿಸಿದರು. ಆಮ್ಲೀಯ ಅನಿಲ ಕ್ಷಾರಕ್ಕೆ ಸಿಕ್ಕಿ ಕಾರ್ಬೊನೇಟ್ ಆಯಿತು, ಅರಿವಳಿಕೆಯ ಪರಿಣಾಮ ಹೆಚ್ಚು ಹೊತ್ತು ಉಳೀತು. ಪ್ರಯೋಗಕ್ಕೆ ಕೂತವರೂ ಅವರೇ. ನಮ್ಮ ಲ್ಯಾಬಿನಲ್ಲಿ ಹೀಗೆ ಮಾಡಿದ್ರೆ ಹೊರಗೆ ಕಳಿಸ್ತಾರೆ, ಬಿಡಿ.

1858ರಲ್ಲಿ, 45ನೇ ವಯಸ್ಸಿಗೇ ಸ್ನೋ ತೀರಿಕೊಂಡರು. ಪಂಪಿನ ಕಥೆ ಊರೂರು ಸುತ್ತಿತು, ಈ ಉಪಾಯ ಮೂಲೆಗೆ ಬಿತ್ತು. 1920ರ ದಶಕದಲ್ಲಿ ಅಮೆರಿಕದ ರಾಲ್ಫ್ ವಾಟರ್ಸ್ ಸೋಡಾ ಲೈಮ್ ಹರಳು ತುಂಬಿದ ಡಬ್ಬಿಯನ್ನು ರೋಗಿಯ ಮುಖವಾಡಕ್ಕೆ ಜೋಡಿಸಿದ ಮೇಲೇ ಅದು ಆಪರೇಷನ್ ಥಿಯೇಟರಿನಲ್ಲಿ ನೆಲೆಯಾಗಿದ್ದು.