ಬಹುಮಾನ ಬಂದ ಮೇಲಿನ ಗಳಗನಾಥರು

ಕಾರಟಗಿಯ ರೈಸ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವ ತರುಣನೊಬ್ಬ ಕಳೆದ ದೀಪಾವಳಿಗೆ ಮುನ್ನ ನಮ್ಮ ಮನೆಗೆ ಬಂದಿದ್ದ. ಅವನ ಕೈಯಲ್ಲಿ ಹಳೆಯ ಡೈರಿಯೊಂದಿತ್ತು. ಪತ್ರಿಕೆಗಳಲ್ಲಿ ಬಂದ ಕಥಾಸ್ಪರ್ಧೆಗಳ ಪ್ರಕಟಣೆಗಳನ್ನು ಕತ್ತರಿಸಿ ಅದರಲ್ಲಿ ಅಂಟಿಸಿದ್ದ. ಪ್ರತಿಯೊಂದರ ಪಕ್ಕದಲ್ಲಿಯೂ ಕೊನೆಯ ದಿನಾಂಕ, ಪದಗಳ ಮಿತಿ, ಬಹುಮಾನದ ಮೊತ್ತ. ನಾಲ್ಕು ವರ್ಷಗಳಿಂದ ಕಥೆ ಕಳುಹಿಸುತ್ತಿದ್ದರೂ ಒಂದು ಸಮಾಧಾನಕರ ಬಹುಮಾನವೂ ಬಂದಿರಲಿಲ್ಲ. ಇನ್ನೂ ಕಳುಹಿಸಬೇಕೇ, ಬಿಟ್ಟುಬಿಡಬೇಕೇ ಎಂಬುದು ಅವನ ಪ್ರಶ್ನೆ. ಈ ಊರಿನಲ್ಲಿ ಬಹುಕಾಲ ಕನ್ನಡ ಪಾಠ ಹೇಳಿದವನಾದ್ದರಿಂದ ನನ್ನಲ್ಲಿ ಉತ್ತರವಿರಬಹುದೆಂದು ಅವನು ಭಾವಿಸಿದ್ದ. ನನಗೆ ನೆನಪಾದದ್ದು ಗಳಗನಾಥರು.

ನಮ್ಮ ಗದ್ದೆಗಳಿಗೆ ಎಡದಂಡೆ ಕಾಲುವೆಯಲ್ಲಿ ಹರಿದು ಬರುವ ತುಂಗಭದ್ರೆ, ಅಣೆಕಟ್ಟು ಸೇರುವ ಮೊದಲು ಹಾವೇರಿ ಸೀಮೆಯಲ್ಲಿ ವರದಾ ನದಿಯನ್ನು ಕೂಡಿಕೊಳ್ಳುತ್ತದೆ. ಆ ಸಂಗಮದಲ್ಲಿ ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯವಿದೆ. ಅದರ ನೆರಳಿನ ಗಳಗನಾಥ ಗ್ರಾಮದಲ್ಲಿ 1869ರಲ್ಲಿ ವೆಂಕಟೇಶ ತಿರಕೋ ಕುಲಕರ್ಣಿಯವರು ಜನಿಸಿದರು. ಮುಂದೆ ಅವರು ಊರಿನ ಹೆಸರನ್ನೇ ತಮ್ಮದಾಗಿಸಿಕೊಂಡರು. ಧಾರವಾಡದಲ್ಲಿ ಶಿಕ್ಷಕರ ತರಬೇತಿ ಪಡೆದು ಕನ್ನಡ ಶಾಲೆಗಳಲ್ಲಿ ಉಪಾಧ್ಯಾಯರಾದರು.

ಅದು ಮುಂಬಯಿ ಪ್ರಾಂತದ ಕನ್ನಡ ನಾಡು. ಕಚೇರಿಯಲ್ಲಿಯೂ ವಿದ್ಯಾವಂತರ ಮನೆಗಳಲ್ಲಿಯೂ ಮರಾಠಿ ಮೆರೆಯುತ್ತಿದ್ದ ಕಾಲ. ಕಥೆ ಓದಬೇಕೆನ್ನಿಸಿದವರು ಮರಾಠಿ ಪುಸ್ತಕವನ್ನು ಕೈಗೆತ್ತಿಕೊಳ್ಳುತ್ತಿದ್ದರು. ಈ ಸ್ಥಿತಿಗೆ ಉತ್ತರವಾಗಿ ರಾ.ಹ. ದೇಶಪಾಂಡೆಯವರ ಮುಂದಾಳುತನದಲ್ಲಿ 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಕನ್ನಡದಲ್ಲಿ ಪುಸ್ತಕಗಳೇ ಇಲ್ಲವೆಂದು ಕೊರಗುತ್ತ ಕೂರುವ ಬದಲು, ಬರೆದವರಿಗೆ ಬಹುಮಾನ ಕೊಟ್ಟು ಬರೆಯಿಸುವ ದಾರಿಯನ್ನು ಸಂಘ ಹಿಡಿಯಿತು. ಇಂದಿನ ಸ್ಪರ್ಧೆಗಳು ನೂರಾರು ಕಥೆಗಳಲ್ಲಿ ಉತ್ತಮವಾದುದನ್ನು ಆರಿಸುತ್ತವೆ. ಸಂಘದ ಮುಂದಿದ್ದ ಕೆಲಸವೇ ಬೇರೆ. ಇಲ್ಲದ ಪುಸ್ತಕವನ್ನು ಅದು ಇರುವಂತೆ ಮಾಡಬೇಕಿತ್ತು.

ಆ ಕರೆಗೆ ಓಗೊಟ್ಟವರಲ್ಲಿ ಹಳ್ಳಿಯಿಂದ ಬಂದ ಈ ಶಾಲಾ ಮಾಸ್ತರರೂ ಒಬ್ಬರು. ಅವರು ಬರೆದ ‘ಪ್ರಬುದ್ಧ ಪದ್ಮನಯನೆ’ಗೆ 1898ರಲ್ಲಿ ಸಂಘದ ಬಹುಮಾನ ದೊರೆಯಿತು. ಆಗ ಅವರಿಗೆ ಇಪ್ಪತ್ತೊಂಬತ್ತು ವರ್ಷ. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಎನ್ನಿಸಿಕೊಂಡ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಪ್ರಕಟವಾದದ್ದು ಅದರ ಮರುವರ್ಷ. ಕಾದಂಬರಿ ಹೇಗಿರಬೇಕೆಂದು ತೋರಿಸಿಕೊಡುವ ಕನ್ನಡ ಪುಸ್ತಕಗಳು ಕೈಬೆರಳೆಣಿಕೆಯಷ್ಟೂ ಇರದಿದ್ದ ಹೊತ್ತಿನಲ್ಲಿ ಒಬ್ಬ ಉಪಾಧ್ಯಾಯರು ಕಾದಂಬರಿ ಬರೆದು ಸ್ಪರ್ಧೆಗೆ ಒಪ್ಪಿಸಿದ್ದರು.

ಇಷ್ಟರಲ್ಲಿಯೇ ಕಥೆ ಮುಗಿದಿದ್ದರೆ ಗಳಗನಾಥರು ಸಂಘದ ಹಳೆಯ ಬಹುಮಾನಿತರಲ್ಲಿ ಒಬ್ಬರಾಗಿ ಉಳಿಯುತ್ತಿದ್ದರು. ಆದರೆ ಬಹುಮಾನದಿಂದ ಅವರು ತೃಪ್ತರಾಗಲಿಲ್ಲ. ಸ್ಪರ್ಧೆಯ ಪರೀಕ್ಷಕರು ಮೆಚ್ಚಿದರೆ ಸಾಲದು, ಓದುವ ಜನ ಬೇಕು. ಓದುವ ಜನ ಇಲ್ಲದ ಕಡೆ ಅವರನ್ನೂ ತಾನೇ ಸಿದ್ಧಗೊಳಿಸಬೇಕು ಎಂಬುದು ಅವರ ಮುಂದಿನ ಬದುಕಿನ ದುಡಿಮೆಯಾಯಿತು. ಉಪಾಧ್ಯಾಯ ವೃತ್ತಿಯನ್ನು ತೊರೆದರು. ತಿಂಗಳ ಸಂಬಳವೆಂಬುದು ಸಂಸಾರದ ಏಕೈಕ ಭದ್ರತೆಯಾಗಿದ್ದ ಆ ಕಾಲದಲ್ಲಿ ಇದು ಸಣ್ಣ ನಿರ್ಧಾರವಲ್ಲ. 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಹೊಣೆ ಹೊತ್ತರು. ಧರ್ಮಬೋಧೆಯ ಜೊತೆಯಲ್ಲಿಯೇ ಕಾದಂಬರಿಯ ಕಂತುಗಳು ಅಂಚೆಯ ಮೂಲಕ ಹಳ್ಳಿಹಳ್ಳಿಯ ಮನೆಗಳನ್ನು ತಲುಪಿದವು. ಮುಂದಿನ ಕಂತಿಗಾಗಿ ತಿಂಗಳಿಡೀ ಕಾಯುವ ಓದುಗ ವರ್ಗವೊಂದು ಉತ್ತರ ಕರ್ನಾಟಕದಲ್ಲಿ ರೂಪುಗೊಂಡಿತು.

ಮರಾಠಿಯ ಹರಿ ನಾರಾಯಣ ಆಪಟೆಯವರ ಪ್ರಭಾವ ಅವರ ಮೇಲೆ ದಟ್ಟವಾಗಿತ್ತು. ಅವರ ಅನೇಕ ಕಾದಂಬರಿಗಳು ಆಪಟೆಯವರ ಕೃತಿಗಳ ಅನುವಾದ ಅಥವಾ ರೂಪಾಂತರಗಳೇ. ಇದನ್ನು ಹಿಡಿದು ಅವರನ್ನು ಕಿರಿದಾಗಿ ಕಾಣುವ ವಿಮರ್ಶಕರೂ ಇದ್ದಾರೆ. ಆ ಆಕ್ಷೇಪದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಮರಾಠಿಯನ್ನು ಓದುತ್ತಿದ್ದ ಜನರನ್ನು ಕನ್ನಡಕ್ಕೆ ಕರೆತರಲು ಆ ಭಾಷೆಯ ರಸವನ್ನೇ ಕನ್ನಡಕ್ಕೆ ತಂದದ್ದರಲ್ಲಿ ವ್ಯವಹಾರಜ್ಞಾನವೂ ಇತ್ತು. 1923ರ ‘ಮಾಧವ ಕರುಣಾ ವಿಲಾಸ’ದ ಹೊತ್ತಿಗೆ ಅವರು ಈ ನೆಲದ ಇತಿಹಾಸಕ್ಕೇ ಬಂದು ನಿಂತಿದ್ದರು. ಅದರ ವಸ್ತು ವಿಜಯನಗರದ ಸ್ಥಾಪನೆ. ಗಂಗಾವತಿ ದಾಟಿದರೆ ಸಿಗುವ ಆನೆಗೊಂದಿಯ ಬಂಡೆಗಳ ನಡುವೆ ನಿಂತಾಗಲೆಲ್ಲ ನನಗೆ ಆ ಕಾದಂಬರಿಯ ನೆನಪಾಗುತ್ತದೆ.

ಬರೆದದ್ದು, ಅಚ್ಚು ಹಾಕಿಸಿದ್ದು ಮಾತ್ರವಲ್ಲ, ಮಾರುವ ಕೆಲಸವನ್ನೂ ಅವರೇ ಮಾಡಿದರು. ಪುಸ್ತಕದ ಗಂಟನ್ನು ಹೊತ್ತು ಊರೂರು ಅಲೆದರು. ಕಾದಂಬರಿ ಪಿತಾಮಹರೆಂಬ ಬಿರುದು ಜನರ ಬಾಯಲ್ಲಿತ್ತು, ಮನೆಯಲ್ಲಿ ಬಡತನವಿತ್ತು. ಆ ಅಲೆದಾಟದಲ್ಲಿ ಅವರಿಗೆ ದಕ್ಕಿದ ಲಾಭವೆಂದರೆ ಓದುಗನ ಮುಖವನ್ನು ಕಂಡದ್ದು. 1942ರಲ್ಲಿ ಅವರು ತೀರಿಕೊಂಡರು. ಆ ಹೊತ್ತಿಗೆ ಕನ್ನಡದಲ್ಲಿ ಕಾದಂಬರಿ ಬರೆಯುವುದು ಯಾರಿಗೂ ವಿಚಿತ್ರವಾಗಿ ಕಾಣುತ್ತಿರಲಿಲ್ಲ.

ಇದನ್ನೆಲ್ಲ ಆ ತರುಣನಿಗೆ ಹೇಳುವಾಗ ನನ್ನದೊಂದು ಸಂಗತಿಯನ್ನು ಮುಚ್ಚಿಡಲಾಗಲಿಲ್ಲ. ಕಾಲೇಜು ಸೇರಿದ ಹೊಸತರಲ್ಲಿ ನಾನೂ ಒಂದು ಕಥಾಸ್ಪರ್ಧೆಯಲ್ಲಿ ಬಹುಮಾನ ಪಡೆದಿದ್ದೆ. ಹಾರ ಹಾಕಿದರು, ಊರಿನಲ್ಲಿ ಕಥೆಗಾರನೆಂದು ಕರೆದರು. ಮುಂದಿನ ಕಥೆಯೂ ಬಹುಮಾನಕ್ಕೆ ತಕ್ಕಂತಿರಬೇಕೆಂಬ ಅಂಜಿಕೆ ಹೊಕ್ಕಿತು. ವರ್ಷಗಳು ಹೋದವು, ಕಥೆ ಬರಲಿಲ್ಲ. ಸೋಲಿನಿಂದ ಬರವಣಿಗೆ ಬಿಟ್ಟವರನ್ನು ಬಹಳ ಕಂಡಿದ್ದೇನೆ. ಗೆಲುವಿನಿಂದ ಬಿಟ್ಟವನು ನಾನು.

ಹಾಗೆಂದು ಸ್ಪರ್ಧೆಗಳು ವ್ಯರ್ಥವೆಂದು ನಾನು ಹೇಳಲಾರೆ. ರಾಜಧಾನಿಯ ಸಾಹಿತ್ಯವಲಯದಿಂದ ದೂರವಿರುವ ನಮ್ಮಂಥ ಊರುಗಳ ತರುಣ ತರುಣಿಯರಿಗೆ, ಪರಿಚಯ ಶಿಫಾರಸುಗಳಿಲ್ಲದೆ ತೆರೆದುಕೊಳ್ಳುವ ಬಾಗಿಲು ಅದೊಂದೇ. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆ ದಶಕಗಳಿಂದ ಎಷ್ಟೋ ಕಥೆಗಾರರನ್ನು ನಾಡಿಗೆ ಪರಿಚಯಿಸಿದೆ. ಛಂದ ಪುಸ್ತಕದವರು ಕಥಾಸಂಕಲನವನ್ನೇ ತರದ ಹೊಸಬರ ಹಸ್ತಪ್ರತಿಗಳಿಗೆಂದು ಬಹುಮಾನವಿಟ್ಟರು. ಅಂಚೆಚೀಟಿಯ ಖರ್ಚಿನಲ್ಲಿ ಒಬ್ಬ ಅಪರಿಚಿತ ಓದುಗ ನಮ್ಮ ಕಥೆಯನ್ನು ಕೊನೆಯವರೆಗೆ ಓದುತ್ತಾನೆಂಬುದು ಕಡಿಮೆ ಮಾತಲ್ಲ.

ತರುಣನಿಗೆ ನಾನು ಕೊಟ್ಟ ಸಲಹೆ ಸರಳವಾದದ್ದು. ಬಹುಮಾನದ ಮೊತ್ತಕ್ಕಿಂತ ಮೊದಲು, ಆ ಪತ್ರಿಕೆ ಹಿಂದೆ ಬಹುಮಾನ ಕೊಟ್ಟ ಕಥೆಗಳನ್ನು ಹುಡುಕಿ ಓದು. ಪ್ರವೇಶಶುಲ್ಕ ಕೇಳುವವರ ವಿಷಯದಲ್ಲಿ ಎಚ್ಚರದಿಂದಿರು. ಕಥೆಯ ಹಕ್ಕು ಯಾರಲ್ಲಿ ಉಳಿಯುತ್ತದೆಂಬ ನಿಯಮವನ್ನು ಎರಡು ಸಲ ಓದು. ಕಥೆಯ ಹಾಳೆಯಲ್ಲಿ ಹೆಸರಿರಕೂಡದೆಂದರೆ ಬೇರೆ ಹಾಳೆಯಲ್ಲಿಯೇ ಬರೆ. ಒಂದು ಪ್ರತಿ ನಿನ್ನಲ್ಲಿ ಇರಲಿ. ಫಲಿತಾಂಶ ಬರುವವರೆಗೆ ಕಾಯುತ್ತ ಕೂರದೆ ಮುಂದಿನ ಕಥೆಯನ್ನು ಆರಂಭಿಸು. ಅದಕ್ಕೂ ಮೊದಲು, ನಿನ್ನ ಮಿಲ್ಲಿನ ಹಮಾಲರ ಕಥೆಯನ್ನು ಬರೆದಿದ್ದರೆ ಅವರಲ್ಲಿ ಒಬ್ಬರಿಗೆ ಓದಿ ಹೇಳು.

ಕೊನೆಯ ಮಾತಿಗೆ ಅವನು ನಕ್ಕ. ಇದುವರೆಗೆ ಯಾರಿಗೂ ಓದಿ ಹೇಳಿಲ್ಲವೆಂದ. ಭತ್ತದ ಸುಗ್ಗಿ ಮುಗಿದ ಮೇಲೆ ಒಂದು ಸಂಜೆ ಮಿಲ್ಲಿನ ಅಂಗಳದಲ್ಲಿ, ಚೀಲಗಳ ಮೇಲೆ ಕುಳಿತ ಆರು ಜನರ ಮುಂದೆ ಓದಿದನಂತೆ. ಅದರಲ್ಲೊಬ್ಬರು, ಲಾರಿ ತುಂಬುವ ಸಂದರ್ಭದಲ್ಲಿ ಅವನು ಬರೆದ ತಪ್ಪೊಂದನ್ನು ತೋರಿಸಿಕೊಟ್ಟರಂತೆ. ಅದನ್ನು ತಿದ್ದಿ ಕಥೆಯನ್ನು ಮತ್ತೆ ಬರೆಯುತ್ತಿದ್ದಾನೆ. ಯಾವ ಸ್ಪರ್ಧೆಗೆ ಕಳುಹಿಸುವುದೆಂದು ಈ ಸಲ ಅವನು ನನ್ನನ್ನು ಕೇಳಲಿಲ್ಲ.